ಉಣ್ಣೆ ಬಟ್ಟೆ: ಅಂಗಡಿಯಿಂದ ಬೀರುವಿನವರೆಗೆ

ನಮ್ಮ ಕಡೆ ಉಣ್ಣೆ ಬಟ್ಟೆ ತೊಟ್ಟು ತೊಟ್ಟು ಸವೆಯುವುದು ಅಪರೂಪ. ಅದು ಹಾಳಾಗುವುದು ಬಕೆಟ್ಟಿನಲ್ಲಿ, ತಪ್ಪಿದರೆ ಬೀರುವಿನಲ್ಲಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟಿತೋ, ಸ್ವೆಟರು, ಶಾಲು, ಮಫ್ಲರುಗಳನ್ನು ಇದ್ದ ಹಾಗೆಯೇ ಮಡಿಸಿ ಒಳಗೆ ತಳ್ಳುತ್ತೇವೆ. ದೀಪಾವಳಿಯ ಹೊತ್ತಿಗೆ ತೆಗೆದು ನೋಡಿದರೆ ಮುಗ್ಗಲು ವಾಸನೆ, ಅಲ್ಲಲ್ಲಿ ತೂತು. ಗಾಬರಿಯಲ್ಲಿ ಬಿಸಿನೀರಿಗೆ ಹಾಕಿ, ಸೋಪು ತಿಕ್ಕಿ, ಕುಕ್ಕಿ ಒಗೆದರೆ ಅಪ್ಪನ ಸ್ವೆಟರು ಮಗನಿಗೆ ಹೊಂದುವಷ್ಟು ಚಿಕ್ಕದಾಗಿ ಹೊರಬರುತ್ತದೆ. ಆದ್ದರಿಂದ ಇಲ್ಲಿ ಕೊಳ್ಳುವ ವಿಚಾರ ಅಗತ್ಯವಿದ್ದಷ್ಟು, ಒಗೆಯುವ ಮತ್ತು ಎತ್ತಿಡುವ ವಿಚಾರ ಅದಕ್ಕಿಂತ ಹೆಚ್ಚು.

ಉಣ್ಣೆಯ ಸ್ವಭಾವ

ಉಣ್ಣೆ ಎಂದರೆ ಕೂದಲು. ನಮ್ಮ ತಲೆಗೂದಲು, ಉಗುರುಗಳಂತೆ ಅದೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಪ್ರತಿ ಎಳೆಯ ಮೇಲೂ ಮನೆಯ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸಣ್ಣ ಪೊರೆಗಳಿರುತ್ತವೆ. ನೀರು, ಬಿಸಿ, ಸೋಪಿನ ಕ್ಷಾರ ಮೂರೂ ಸೇರಿದಾಗ ಈ ಪೊರೆಗಳು ಎದ್ದು ನಿಲ್ಲುತ್ತವೆ. ಆಗ ಬಟ್ಟೆಯನ್ನು ತಿಕ್ಕಿದರೆ ಒಂದು ಎಳೆಯ ಪೊರೆ ಇನ್ನೊಂದರೊಳಗೆ ಸಿಕ್ಕಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಬಟ್ಟೆ ಕುಗ್ಗಿ ದಪ್ಪವಾಗಿ ರಟ್ಟಿನಂತಾಗುವುದು ಹೀಗೆ. ಹತ್ತಿ ಬಟ್ಟೆಗೆ ನಾವು ಮಾಡುವ ಎಲ್ಲ ಉಪಚಾರವೂ, ಅಂದರೆ ಬಿಸಿನೀರು, ಬಾರ್ ಸೋಪು, ಬ್ರಷ್ಷು, ಒಗೆಯುವ ಕಲ್ಲು, ಉಣ್ಣೆಗೆ ಶಿಕ್ಷೆಯೇ.

ಇನ್ನೊಂದು ಗುಣ ನಮಗೆ ಅನುಕೂಲದ್ದು. ಉಣ್ಣೆ ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ; ಹೀರಿದ್ದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಬೆವರಿನ ವಾಸನೆಯೂ ಇದರೊಂದಿಗೇ ಬಹುಪಾಲು ಹೋಗುತ್ತದೆ. ಹಾಗಾಗಿ ಉಣ್ಣೆಗೆ ಪದೇ ಪದೇ ನೀರು ಬೇಡ, ಗಾಳಿ ಬೇಕು. ಮುಂದೆ ಹೇಳುವ ಬಹಳಷ್ಟು ವಿಷಯಗಳು ಇದೊಂದನ್ನೇ ಹಿಡಿದು ಹೊರಟವು.

ಕೊಳ್ಳುವ ಮುನ್ನ

ಮೊದಲು ನಿಮ್ಮೂರಿನ ಚಳಿ ಎಷ್ಟೆಂದು ಯೋಚಿಸಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಅಲ್ಲಿಯ ಸಾಮಾನ್ಯ ಚಳಿಗಾಲಕ್ಕೆ ದಪ್ಪ ಹೆಣಿಗೆಯ ತುಂಬುತೋಳಿನ ಸ್ವೆಟರು ಹೊರೆ. ಎಂಟು ಗಂಟೆಗೆ ಬಿಸಿಲೇರುತ್ತಲೇ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾಗುತ್ತದೆ. ತೆಳು ಹೆಣಿಗೆಯ ಒಂದು ಸ್ವೆಟರು, ಬೇಕಾದಾಗ ಮೇಲೊಂದು ಶಾಲು ಇದ್ದರೆ ಧಾರಾಳವಾಯಿತು. ಬೀದರ್, ವಿಜಯಪುರದ ರಾತ್ರಿಗಳಿಗೆ ಸ್ವಲ್ಪ ದಪ್ಪನೆಯದೇ ಬೇಕು. ಕೊಡಗು, ಚಿಕ್ಕಮಗಳೂರಿನವರ ಲೆಕ್ಕವೇ ಬೇರೆ: ಅವರಿಗೆ ಉಣ್ಣೆ ಹೊರಬರುವುದು ಜೂನ್‌ನಿಂದ, ಮಳೆಯ ಜೊತೆಗೆ.

ಓದಲೋ ಕೆಲಸಕ್ಕೋ ಜರ್ಮನಿ, ಕೆನಡಾಗಳಿಗೆ ಹೊರಡುವವರು ಇಲ್ಲಿಂದಲೇ ನಾಲ್ಕು ದಪ್ಪ ಸ್ವೆಟರು ತುಂಬಿಕೊಂಡು ಹೋಗುವುದುಂಟು. ಸೂಟ್‌ಕೇಸಿನ ತೂಕ ಹಾಗೇಕೆ ದಂಡ ಮಾಡುತ್ತೀರಿ? ಮೈಗಂಟುವ ತೆಳು ಮೆರಿನೊ (ನಯವಾದ ಎಳೆಯ ಉಣ್ಣೆ ಕೊಡುವ ಕುರಿ ತಳಿ) ಒಳಉಡುಪು ಎರಡು ಜೊತೆ, ಅದರ ಮೇಲೆ ಒಂದು ಸ್ವೆಟರು, ಗಾಳಿ ತಡೆಯುವ ಹೊರ ಕೋಟು ಒಂದು, ಇಷ್ಟೇ ಅಲ್ಲಿ ಕೆಲಸಕ್ಕೆ ಬರುವುದು. ಕೋಟನ್ನಂತೂ ಅಲ್ಲಿಯೇ ಕೊಳ್ಳಿ. ಅಲ್ಲಿಯ ಕಟ್ಟಡಗಳ ಒಳಗೆ ಬೆಚ್ಚಗಿರುವುದರಿಂದ ಪದರ ಪದರವಾಗಿ ಬಿಚ್ಚಲು ಆಗುವ ಉಡುಪೇ ಹಿತ.

ಇನ್ನು ಅಂಗಡಿಗೆ ಬರೋಣ. "ವುಲ್ಲನ್" ಎಂದು ಮಾರಾಟವಾಗುವುದೆಲ್ಲ ಉಣ್ಣೆಯಲ್ಲ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಬರುವ ಸ್ವೆಟರುಗಳಲ್ಲಿ ಲುಧಿಯಾನದ ಮಾಲು ಬಹಳ; ಅದರಲ್ಲಿ ಅಕ್ರಿಲಿಕ್ಕೂ ಬಹಳ. ಅಕ್ರಿಲಿಕ್ ಎಂದರೆ ಪೆಟ್ರೋಲಿಯಂ ಮೂಲದ ಕೃತಕ ನೂಲು. ಹೆಣಿಗೆ ಹಾಕುವವರಿಗೆ ಪರಿಚಿತವಾದ ಕ್ಯಾಶ್ಮಿಲಾನ್ ಕೂಡ ಅಕ್ರಿಲಿಕ್ಕೇ, ಹೆಸರು ಕೇಳಿ ಕಾಶ್ಮೀರದ ಉಣ್ಣೆ ಎಂದುಕೊಳ್ಳಬೇಡಿ. ಅದು ಕೆಟ್ಟದ್ದೆಂದು ಹೇಳುತ್ತಿಲ್ಲ. ವಾರಕ್ಕೆರಡು ಬಾರಿ ಮಣ್ಣು ಮಾಡಿಕೊಂಡು ಬರುವ ಮಕ್ಕಳಿಗೆ, ಶಾಲೆಯ ಸಮವಸ್ತ್ರಕ್ಕೆ ಅದೇ ಸರಿ: ಅಗ್ಗ, ಮೆಷಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಅಕ್ರಿಲಿಕ್ಕಿಗೆ ಉಣ್ಣೆಯ ಬೆಲೆ ಕೊಡುವುದು ಮಾತ್ರ ಬೇಡ.

ಆದ್ದರಿಂದ ಮೊದಲು ಒಳಗಿನ ಚೀಟಿ ನೋಡಿ. "ಮೆರಿನೊ ಬ್ಲೆಂಡ್" ಎಂದು ಎದೆಯ ಮೇಲೆ ದೊಡ್ಡದಾಗಿ ಬರೆದು, ಒಳಗೆ ಉಣ್ಣೆ 10 ಪ್ರತಿಶತ ಎಂದು ಸಣ್ಣದಾಗಿ ಅಚ್ಚು ಹಾಕಿದ ಬಟ್ಟೆಗಳಿವೆ. 1964ರಿಂದ ಬಳಕೆಯಲ್ಲಿರುವ ವುಲ್‌ಮಾರ್ಕ್ ಚಿಹ್ನೆ, ಅಂದರೆ ನೂಲಿನ ಉಂಡೆಯಂತೆ ಸುತ್ತಿಕೊಂಡ ಕಪ್ಪು ಪಟ್ಟೆಗಳ ಗುರುತು, ಪೂರ್ಣ ಹೊಸ ಉಣ್ಣೆಗೆ ಕೊಡುವಂಥದ್ದು. ಅದರದೇ "ವುಲ್‌ಮಾರ್ಕ್ ಬ್ಲೆಂಡ್" ಗುರುತಿದ್ದರೆ ಕನಿಷ್ಠ ಅರ್ಧ ಉಣ್ಣೆ, "ವುಲ್ ಬ್ಲೆಂಡ್" ಆದರೆ ಕನಿಷ್ಠ 30 ಪ್ರತಿಶತ. ಸಾಕ್ಸಿನಲ್ಲಿ ಒಂದಿಷ್ಟು ನೈಲಾನ್ ಬೆರೆತಿದ್ದರೆ ಅದು ಮೋಸವಲ್ಲ, ಹಿಮ್ಮಡಿ ಬೇಗ ಹರಿಯದಿರಲೆಂದು ಸೇರಿಸುತ್ತಾರೆ. ಸೂಟಿನ ಟೆರಿವೂಲ್ ಕೂಡ ಪಾಲಿಯೆಸ್ಟರ್ ಬೆರೆಸಿದ ಉಣ್ಣೆಯೇ. ವರ್ಷಕ್ಕೆ ನಾಲ್ಕು ಮದುವೆಗೆ ತೊಡುವ ಸೂಟಿಗೆ ಧಾರಾಳ.

ಚೀಟಿಯಿಲ್ಲದ ಬಟ್ಟೆ ಮನೆಯಲ್ಲಿದ್ದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಉಣ್ಣೆ ನಿಧಾನವಾಗಿ ಉರಿದು, ಬೆಂಕಿ ತೆಗೆಯುತ್ತಲೇ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕಪ್ಪು ಹೊಗೆ ಬಿಟ್ಟು ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಕೂರುತ್ತದೆ. ರೇಷ್ಮೆಯೂ ಕೂದಲಿನ ವಾಸನೆಯನ್ನೇ ಕೊಡುತ್ತದೆ ಎಂಬುದು ನೆನಪಿರಲಿ. ಮಿಶ್ರಣವಾದರೆ ಈ ಪರೀಕ್ಷೆ ಗೊಂದಲ ಮಾಡುತ್ತದೆ. ಅಂಗಡಿಯಲ್ಲಿ ನಿಂತು ಇದನ್ನು ಮಾಡಲು ಹೋಗಬೇಡಿ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಉಣ್ಣೆ ನನಗೆ ಚುಚ್ಚುತ್ತದೆ, ಆಗಿಬರುವುದಿಲ್ಲ ಎನ್ನುವವರು ಬಹಳ ಮಂದಿ. ಹೆಚ್ಚಿನವರ ವಿಷಯದಲ್ಲಿ ತಕರಾರು ಎಳೆಯ ದಪ್ಪದ್ದು. ಸುಮಾರು 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಾದ ಎಳೆಯ ತುದಿ ಚರ್ಮಕ್ಕೆ ತಗುಲಿದಾಗ ಬಾಗುವುದಿಲ್ಲ, ಚುಚ್ಚುತ್ತದೆ. ಮೆರಿನೊ ಸಾಮಾನ್ಯವಾಗಿ 24 ಮೈಕ್ರಾನಿನ ಒಳಗಿರುತ್ತದೆ, ನಯವಾದ ತರಗತಿಯದು 18ರ ಆಸುಪಾಸು. ಬಟ್ಟೆಯನ್ನು ಅಂಗೈಯಲ್ಲಿ ಮುಟ್ಟಿ ನಿರ್ಧರಿಸಬೇಡಿ, ಅಂಗೈ ಚರ್ಮ ಒರಟು. ಕತ್ತಿನ ಪಕ್ಕಕ್ಕೋ ಮುಂಗೈಯ ಒಳಬದಿಗೋ ಒಂದು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಹೆಣಿಗೆ ಎಲ್ಲೆಡೆ ಒಂದೇ ಸಮನಾಗಿದೆಯೇ, ಭುಜ ಮತ್ತು ಕಂಕುಳಿನ ಹೊಲಿಗೆ ಬಿಗಿಯಾಗಿದೆಯೇ ನೋಡಿ. ತುದಿಯ ಪಟ್ಟಿಯನ್ನು ಸ್ವಲ್ಪ ಎಳೆದು ಬಿಟ್ಟರೆ ತನ್ನಷ್ಟಕ್ಕೆ ಮೊದಲಿನ ಅಳತೆಗೆ ಬರಬೇಕು. ಬಾರದಿದ್ದರೆ ಆ ಸ್ವೆಟರು ಒಂದೇ ಚಳಿಗಾಲದಲ್ಲಿ ಜೋತುಬೀಳುತ್ತದೆ.

ಪಶ್ಮೀನಾ ಮತ್ತು ಸನ್ಮಾನದ ಶಾಲು

ಸಭೆಗಳಲ್ಲಿ ಹಾರ, ಫಲತಾಂಬೂಲದ ಜೊತೆ ಹೊದಿಸುವ ಶಾಲಿನಲ್ಲಿ ಉಣ್ಣೆ ಹುಡುಕುವುದು ವ್ಯರ್ಥ. ಹೊದಿಸಿದವರ ಪ್ರೀತಿ ದೊಡ್ಡದು, ನೂಲು ಸಾಮಾನ್ಯವಾಗಿ ಕೃತಕ. ಪಶ್ಮೀನಾ ಎಂದು ರಸ್ತೆ ಬದಿಯಲ್ಲಿ ಕೂಗಿ ಮಾರುವುದೂ ಹಾಗೆಯೇ. ನಿಜವಾದ ಪಶ್ಮೀನಾ ಲಡಾಖಿನ ಚಾಂಗ್‌ತಾಂಗಿ ಮೇಕೆಗಳ ಒಳಗೂದಲು, 12ರಿಂದ 15 ಮೈಕ್ರಾನಿನಷ್ಟು ನಯ. ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಶಾಲು ಸಾವಿರ ರೂಪಾಯಿಯೊಳಗೆ ಸಿಗುವ ಮಾತೇ ಇಲ್ಲ. ಉಂಗುರದೊಳಗಿಂದ ಶಾಲು ಎಳೆದು ತೋರಿಸಿದರೆ ಮರುಳಾಗಬೇಡಿ, ತೆಳುವಾದ ಕೃತಕ ಶಾಲೂ ಉಂಗುರದಲ್ಲಿ ನುಸುಳುತ್ತದೆ. ಕಾಶ್ಮೀರ ಪಶ್ಮೀನಾಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದೊಡ್ಡ ಮೊತ್ತ ಕೊಡುವುದಾದರೆ ಆ ಗುರುತಿನ ಚೀಟಿ ಕೇಳಿ. ಶಾತೂಷ್ ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅದು ಚಿರು ಎಂಬ ಟಿಬೆಟಿನ ಹುಲ್ಲೆಯನ್ನು ಕೊಂದು ತೆಗೆಯುವ ಉಣ್ಣೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ.

ಕಂಬಳಿ

ಚಳ್ಳಕೆರೆ ಕಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ನೇಯುವ ಕರಿ ಕಂಬಳಿ ದಖನಿ ಕುರಿಯ ತುಪ್ಪಟದ್ದು. ಎಳೆ ಒರಟು, ಚುಚ್ಚುತ್ತದೆ, ಮೈಗೆ ನೇರವಾಗಿ ಹೊದೆಯಲು ಹೇಳಿದ್ದಲ್ಲ. ಹಾಸಲು, ಹತ್ತಿ ಹೊದಿಕೆಯ ಮೇಲೆ ಹೊದೆಯಲು ಅದಕ್ಕೆ ಸಾಟಿಯಿಲ್ಲ. ಗುಣಿಮಗ್ಗದಲ್ಲಿ ನೇಯುವಾಗ ಹಾಸಿನ ಎಳೆಗಳು ತುಂಡಾಗದಿರಲೆಂದು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹೊಸ ಕಂಬಳಿ ಬಿರುಸಾಗಿರುವುದು ಇದರಿಂದಲೇ, ಬಳಸುತ್ತ ಮೆತ್ತಗಾಗುತ್ತದೆ. ಕಪ್ಪು ಬಣ್ಣ ಕುರಿಯದೇ ಆದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಹತ್ತುವುದಿಲ್ಲ. ಹತ್ತಿದರೆ ಬಣ್ಣ ಅದ್ದಿದ್ದೆಂದು ತಿಳಿಯಿರಿ. ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಯನ್ನು ಎಳೆ ಎಳೆಯಾಗಿ ಸಿಗಿದು ನೂತು ಮಾಡುವ ರಗ್ಗುಗಳೂ ಕಂಬಳಿಯ ಹೆಸರಿನಲ್ಲಿ ಸಿಗುತ್ತವೆ. ಅವು ಅಗ್ಗ, ಆದರೆ ಎಳೆ ತುಂಡು ತುಂಡಾದ್ದರಿಂದ ಬೇಗ ಜುಂಗು ಉದುರುತ್ತದೆ.

ಕುರಿಯ ಮೈಯ ಜಿಡ್ಡು ಸ್ವಲ್ಪ ಉಳಿದಿರುವುದರಿಂದಲೇ ಒಳ್ಳೆಯ ಕಂಬಳಿ ಮಳೆನೀರನ್ನು ಕೊಂಚ ಹೊತ್ತು ತಡೆಯುತ್ತದೆ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆ ಕೆಲಸ ಮಾಡಿದವರಿಗೆ ಇದು ಗೊತ್ತು. ಡಿಟರ್ಜೆಂಟ್ ಪುಡಿಯಲ್ಲಿ ನೆನೆಸಿದರೆ ಆ ಜಿಡ್ಡು ಹೋಯಿತು. ಕಂಬಳಿಯನ್ನು ಕೊಡವಿ, ಕೋಲಿನಿಂದ ತಟ್ಟಿ ಧೂಳು ತೆಗೆದು, ಬೆಳಗಿನ ಬಿಸಿಲಿಗೆ ಹಾಕಿದರೆ ಸಾಕು. ಒಗೆಯಲೇಬೇಕಾದರೆ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಅಂಟುವಾಳದ ನೀರಿನಲ್ಲಿ.

ತೊಡುವ ದಿನಗಳಲ್ಲಿ

ಕಳಚಿದ ಸ್ವೆಟರನ್ನು ನೇರ ಬೀರುವಿಗೆ ಹಾಕಬೇಡಿ, ಒಗೆಯುವ ಬುಟ್ಟಿಗೂ ಹಾಕಬೇಡಿ. ಕುರ್ಚಿಯ ಬೆನ್ನಿನ ಮೇಲೆ ರಾತ್ರಿಯಿಡೀ ಗಾಳಿಗೆ ಬಿಡಿ. ಎರಡು ದಿನ ಒಂದೇ ಸ್ವೆಟರು ತೊಡದೆ ಮಧ್ಯೆ ಒಂದು ದಿನ ಬಿಡುವು ಕೊಟ್ಟರೆ ಎಳೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಒಳಗೆ ಹತ್ತಿಯ ಅಂಗಿ ತೊಟ್ಟಿದ್ದರೆ ಇಡೀ ಚಳಿಗಾಲಕ್ಕೆ ಒಂದೆರಡು ಬಾರಿ ಒಗೆದರೆ ಆಯಿತು. ಹೆಣೆದ ಬಟ್ಟೆಯನ್ನು ಹ್ಯಾಂಗರಿಗೆ ತೂಗುಹಾಕಬೇಡಿ, ಭುಜದಲ್ಲಿ ಗೂನು ಬಿದ್ದು ಉದ್ದವಾಗುತ್ತದೆ; ಮಡಿಸಿಡಿ. ಕೋಟು, ಸೂಟಿಗೆ ಮಾತ್ರ ಅಗಲ ಭುಜದ ಹ್ಯಾಂಗರು.

ಸಾರು ಚೆಲ್ಲಿದರೆ ತಿಕ್ಕದೆ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರು ಹಚ್ಚಿ ಮತ್ತೆ ಒತ್ತಿ. ಅರಿಶಿನದ ಕಲೆಗೆ ಸೋಪು ತಾಗಿಸಿದರೆ ಕ್ಷಾರಕ್ಕೆ ಅದು ಕೆಂಪಾಗುತ್ತದೆ. ಉಳಿದ ಹಳದಿ ಬಿಸಿಲಿಗೆ ಮಾಸುತ್ತದೆ, ಆ ಭಾಗವನ್ನಷ್ಟೇ ಬಿಸಿಲಿಗೆ ಒಡ್ಡಿ. ಮಂಕಿ ಟೋಪಿ, ಮಫ್ಲರುಗಳಿಗೆ ಹತ್ತುವ ತಲೆ ಎಣ್ಣೆಗೆ ಟಾಲ್ಕಂ ಪೌಡರು ಉದುರಿಸಿ ರಾತ್ರಿಯಿಟ್ಟು ಬೆಳಗ್ಗೆ ಮೆತ್ತನೆ ಬ್ರಷ್ಷಿನಿಂದ ಕೊಡವಿ.

ಒಗೆಯುವ ಕ್ರಮ

ಚೀಟಿಯಲ್ಲಿ ನೀರಿನ ತೊಟ್ಟಿಯ ಚಿತ್ರಕ್ಕೆ ಅಡ್ಡಗೀಟು ಹಾಕಿದ್ದರೆ ಡ್ರೈಕ್ಲೀನಿಂಗಿಗೆ ಕೊಡಿ. ಒಳಪದರ ಹೊಲಿದ ಕೋಟು, ಸೂಟು, ಕಸೂತಿಯ ಶಾಲು, ಅಪ್ಪಟ ಪಶ್ಮೀನಾಗಳಿಗೂ ಅದೇ ದಾರಿ. ಮರಳಿ ಬಂದ ಮೇಲೆ ಪ್ಲಾಸ್ಟಿಕ್ ಚೀಲ ತೆಗೆದುಹಾಕಿ, ಒಂದು ದಿನ ಗಾಳಿಗಿಟ್ಟು ಆಮೇಲೆ ಒಳಗಿಡಿ. ತೊಟ್ಟಿಯೊಳಗೆ ಕೈ ಇರುವ ಚಿತ್ರವಿದ್ದರೆ ಮನೆಯಲ್ಲಿಯೇ ಹೀಗೆ ಮಾಡಿ:

1. ಒಗೆಯುವ ಮೊದಲು ಸ್ವೆಟರನ್ನು ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಹರಡಿ ಸುತ್ತಲೂ ಪೆನ್ಸಿಲಿನಲ್ಲಿ ಗೀಟು ಎಳೆದಿಟ್ಟುಕೊಳ್ಳಿ. ಈ ನಕ್ಷೆ ಕೊನೆಗೆ ಬೇಕಾಗುತ್ತದೆ.

2. ಗುಂಡಿ ಹಾಕಿ, ಒಳಮೈ ಹೊರಗಾಗುವಂತೆ ತಿರುಗಿಸಿ.

3. ಅಗಲವಾದ ಟಬ್ಬಿನಲ್ಲಿ 30 ಡಿಗ್ರಿಯೊಳಗಿನ ನೀರು ತೆಗೆದುಕೊಳ್ಳಿ. ನಲ್ಲಿಯ ನೀರು ಕೊರೆಯುವಷ್ಟು ತಣ್ಣಗಿದ್ದರೆ ಮಾತ್ರ ಸ್ವಲ್ಪ ಬಿಸಿನೀರು ಬೆರೆಸಿ, ಕೈಗೆ ಬಿಸಿ ತಗುಲಬಾರದು. ಉಣ್ಣೆಗೆಂದೇ ಇರುವ ದ್ರವ ಮಾರ್ಜಕವನ್ನು ಪೂರ್ತಿ ಕದಡಿದ ಮೇಲೆ ಬಟ್ಟೆ ಮುಳುಗಿಸಿ. ಸಾಮಾನ್ಯ ಪುಡಿಯಲ್ಲಿ ಕ್ಷಾರವೂ, ಹಲವು ಪುಡಿಗಳಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವವೂ ಇರುತ್ತದೆ. ರಕ್ತದ ಕಲೆ ತಿನ್ನುವ ಆ ಕಿಣ್ವಕ್ಕೆ ಉಣ್ಣೆಯೂ ಆಹಾರವೇ. ಬ್ಲೀಚಿಂಗ್ ದ್ರಾವಣವಂತೂ ಉಣ್ಣೆಯನ್ನೇ ಕರಗಿಸಿಬಿಡುತ್ತದೆ. ಅಂಟುವಾಳವಾದರೆ ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಸಿ, ಕಿವುಚಿ, ಸೋಸಿ ಬಳಸಿ. ತೀರಾ ತಿಳಿ ಬಣ್ಣದ ಬಟ್ಟೆಗೆ ಬೇಡ, ಅದರ ಕಂದು ಹತ್ತಬಹುದು.

4. ಹತ್ತು ನಿಮಿಷ ನೆನೆಯಲಿ. ಮೇಲಿಂದ ಅಂಗೈಯಲ್ಲಿ ಮೆಲ್ಲನೆ ಅದುಮಿ ಬಿಡಿ, ಅಷ್ಟೇ. ತಿಕ್ಕುವುದು, ತಿರುಚುವುದು, ಕುಕ್ಕುವುದು ಬೇಡ.

5. ಎತ್ತುವಾಗ ಎರಡೂ ಕೈಯಲ್ಲಿ ಅಡಿಯಿಂದ ತುಂಬಿಕೊಂಡು ಎತ್ತಿ. ಒದ್ದೆ ಉಣ್ಣೆಗೆ ಬಲ ಕಡಿಮೆ, ಭುಜ ಹಿಡಿದೆತ್ತಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ. ಮೊದಲಿನಷ್ಟೇ ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರ ಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಇದನ್ನು ತಪ್ಪಿಸಬೇಡಿ.

6. ಹಿಂಡಬೇಡಿ. ದಪ್ಪ ಟವೆಲಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಎರಡನ್ನೂ ಸುತ್ತಿ, ಮೇಲಿಂದ ಒತ್ತಿ ನೀರು ತೆಗೆಯಿರಿ. ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ಸ್ಪಿನ್ನರಿಗೆ ಜಾಲರಿ ಚೀಲದಲ್ಲಿ ಹಾಕಿ ಒಂದು ನಿಮಿಷ ತಿರುಗಿಸಿದರೂ ಬಾಧಕವಿಲ್ಲ, ಕೈಯಲ್ಲಿ ತಿರುಚುವುದಕ್ಕಿಂತ ಅದೇ ಮೇಲು.

7. ಪತ್ರಿಕೆಯ ನಕ್ಷೆ ನೋಡಿಕೊಂಡು, ಒಣ ಟವೆಲಿನ ಮೇಲೆ ಮೊದಲಿನ ಅಳತೆಗೆ ಎಳೆದು ಕೂರಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಮಲಗಿಸಿ ಒಣಗಿಸಿ. ಅರ್ಧ ಒಣಗಿದ ಮೇಲೆ ಮಗುಚಿ. ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದರೆ ಇದುವರೆಗಿನ ಶ್ರಮ ದಂಡ.

ಚೀಟಿಯಲ್ಲಿ "ಸೂಪರ್‌ವಾಶ್" ಅಥವಾ ಮೆಷಿನ್‌ವಾಶ್ ಎಂದಿದ್ದರೆ ಎಳೆಯ ಪೊರೆಗಳನ್ನು ಕಾರ್ಖಾನೆಯಲ್ಲಿಯೇ ನಯ ಮಾಡಿರುತ್ತಾರೆ. ಅಂಥದ್ದನ್ನು ಮೆಷಿನ್ನಿನ ಉಣ್ಣೆಯ ಕ್ರಮದಲ್ಲಿ ಹಾಕಬಹುದು. ಡ್ರೈಯರಿಗೆ ಯಾವ ಉಣ್ಣೆಯನ್ನೂ ಹಾಕದಿರುವುದೇ ಕ್ಷೇಮ. ಸುಕ್ಕು ತೆಗೆಯಲು ಸ್ನಾನದ ಬಿಸಿನೀರಿನ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಕಾಲು ಗಂಟೆ ಇಟ್ಟರೆ ಸಾಕು. ಇಸ್ತ್ರಿ ಅಂಗಡಿಗೆ ಕೊಡುವುದಾದರೆ ಮೇಲೊಂದು ಒದ್ದೆ ಬಟ್ಟೆ ಹಾಸಿ ಒತ್ತಲು ಹೇಳಿ. ಇದ್ದಿಲಿನ ಇಸ್ತ್ರಿಪೆಟ್ಟಿಗೆಯ ಕಾವು ನೇರ ತಗುಲಿದರೆ ಉಣ್ಣೆ ಹೊಳಪು ಹತ್ತಿ ಸುಡುತ್ತದೆ.

ಎತ್ತಿಡುವುದು

ತೂತು ಮಾಡುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಹಾರಾಡುವ ಒಣಹುಲ್ಲಿನ ಬಣ್ಣದ ಪುಟ್ಟ ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಅದು ಕತ್ತಲಲ್ಲಿ, ಮಡಿಕೆಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಗೆ ಬರಿಯ ಕೆರಾಟಿನ್ನಿಗಿಂತ ಬೆವರು, ಎಣ್ಣೆ, ಸಾರಿನ ಕಲೆ ಹತ್ತಿದ ಉಣ್ಣೆ ಹೆಚ್ಚು ರುಚಿ. ಆದ್ದರಿಂದ ಒಗೆಯದೆ ಎತ್ತಿಡುವುದೇ ನುಸಿಗೆ ಕೊಡುವ ಆಹ್ವಾನ. ಬೀರುವಿನಲ್ಲಿ ಪಕ್ಕದಲ್ಲೇ ರೇಷ್ಮೆ ಸೀರೆಗಳಿದ್ದರೆ ಅವುಗಳಿಗೂ ಅಪಾಯ.

ಮಾರ್ಚಿನ ಒಣ ಹವೆಯಲ್ಲಿ ಒಗೆದು, ಚೆನ್ನಾಗಿ ಒಣಗಿದ ಮೇಲೂ ಒಂದು ದಿನ ಬಿಟ್ಟು, ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಕೊಡವಿ ಹಾಕಿ. ಮಡಿಕೆ, ಕಾಲರು, ಜೇಬುಗಳನ್ನು ಬ್ರಷ್ಷಿನಿಂದ ಉಜ್ಜಿದರೆ ಮೊಟ್ಟೆಗಳಿದ್ದರೂ ಉದುರುತ್ತವೆ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲೋ ದಿಂಬಿನ ಚೀಲದಲ್ಲೋ ಸುತ್ತಿಡಿ. ಕರಾವಳಿ, ಮಲೆನಾಡಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗುಳಿದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಗಂಜಿಯಿರುವ ಕಂಬಳಿಗಂತೂ ಇನ್ನೂ ಬೇಗ. ಮಳೆಗಾಲದ ಮಧ್ಯೆ, ಬಿಸಿಲು ಬಂದ ಒಂದು ದಿನ ಎಲ್ಲವನ್ನೂ ಹೊರತೆಗೆದು ಕೊಡವಿ, ಮಡಿಕೆ ಬದಲಿಸಿ ಒಳಗಿಡಿ. ನುಸಿಗೆ ಬೆಳಕು, ಅಲುಗಾಟ ಎರಡೂ ಆಗದು. ಈ ಅರ್ಧ ದಿನದ ಕೆಲಸ ಡಬ್ಬಿಗಟ್ಟಲೆ ನುಸಿಗುಳಿಗೆಗಿಂತ ಹೆಚ್ಚು ಕಾಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಫ್ತಲೀನಿನ ನುಸಿಗುಳಿಗೆ ಹಾಕಲೇಬೇಕೆಂದರೆ ಬಟ್ಟೆಗೆ ತಾಗದಂತೆ ತೆಳು ಬಟ್ಟೆಯಲ್ಲಿ ಕಟ್ಟಿ ಮೇಲ್ಭಾಗದಲ್ಲಿಡಿ, ಅದರ ಆವಿ ಕೆಳಗಿಳಿಯುತ್ತದೆ. ಕರ್ಪೂರದ ಜೊತೆ ಇಡಬೇಡಿ, ಎರಡೂ ಸೇರಿ ಕರಗಿ ಬಟ್ಟೆಗೆ ಮೆತ್ತುತ್ತವೆ. ಹಸುಗೂಸಿನ ಕುಲಾವಿ, ಸ್ವೆಟರು, ಹೊದಿಕೆಗಳಿರುವ ಜಾಗದಲ್ಲಂತೂ ನಾಫ್ತಲೀನ್ ಬೇಡವೇ ಬೇಡ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಬೇವಿನ ಎಲೆ, ಲ್ಯಾವೆಂಡರ್ ಪೊಟ್ಟಣಗಳು ನುಸಿಯನ್ನು ಕೊಂಚ ದೂರವಿಡಬಹುದು, ಒಳಗೆ ಸೇರಿದ ಹುಳುವನ್ನು ಕೊಲ್ಲುವುದಿಲ್ಲ. ಬೇವನ್ನು ಪೂರ್ತಿ ಒಣಗಿಸಿಯೇ ಇಡಿ.

ಈಗಾಗಲೇ ಹುಳು ಹಿಡಿದಿದ್ದರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲದ ಹೊರಮೈ ತಣುಪು ಬಿಡುವವರೆಗೆ ಬಿಚ್ಚಬೇಡಿ, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಬೀರುವಿನ ಮೂಲೆ, ಸಂದುಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಇದನ್ನು ಬಿಟ್ಟರೆ ಅದೇ ಹುಳು ಮರಳಿ ಬರುತ್ತದೆ.

ಉಂಡೆ, ತೂತು, ಕುಗ್ಗು

ಕಂಕುಳು, ಪಕ್ಕೆಗಳಲ್ಲಿ ಜುಂಗಿನ ಸಣ್ಣ ಉಂಡೆಗಳೇಳುವುದು ಉಣ್ಣೆ ಕಳಪೆ ಎಂಬುದಕ್ಕೆ ಗುರುತಲ್ಲ. ಮೆತ್ತನೆಯ, ಗಿಡ್ಡ ಎಳೆಯ ಉಣ್ಣೆಯಲ್ಲೇ ಇದು ಹೆಚ್ಚು. ಕೈಯಲ್ಲಿ ಕೀಳದೆ ಸ್ವೆಟರ್ ಬಾಚಣಿಗೆಯಿಂದಲೋ ಬ್ಯಾಟರಿಯ ಶೇವರಿನಿಂದಲೋ ತೆಗೆಯಿರಿ. ಹೆಣಿಗೆಯ ಎಳೆ ಹೊರಬಂದರೆ ಕತ್ತರಿಸಬೇಡಿ, ಸೂಜಿಯಿಂದ ಒಳಮೈಗೆ ಎಳೆದುಬಿಡಿ. ತೂತು ಸಣ್ಣದಿರುವಾಗಲೇ ಅದೇ ಬಣ್ಣದ ನೂಲಿನಲ್ಲಿ ರಫು ಮಾಡಿಸಿ, ಹೆಣಿಗೆ ಬಿಚ್ಚುತ್ತ ಹೋದರೆ ಖರ್ಚು ಬೆಳೆಯುತ್ತದೆ. ಕೊಳ್ಳುವಾಗ ಒಳಗೆ ಕಟ್ಟಿಕೊಟ್ಟ ನೂಲಿನ ತುಂಡು, ಹೆಚ್ಚುವರಿ ಗುಂಡಿ ಎಸೆಯದಿದ್ದರೆ ಆಗ ಒದಗುತ್ತವೆ.

ಸ್ವೆಟರು ಸ್ವಲ್ಪ ಕುಗ್ಗಿದ್ದರೆ ಉಗುರು ಬೆಚ್ಚಗಿನ ನೀರಿಗೆ ತಲೆಗೂದಲಿನ ಕಂಡೀಷನರು ಬೆರೆಸಿ ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಒತ್ತಿ, ನಕ್ಷೆಯ ಅಳತೆಗೆ ಮೆಲ್ಲನೆ ಎಳೆದು ಅಂಚುಗಳಿಗೆ ಭಾರವಿಟ್ಟು ಒಣಗಿಸಿ. ತಕ್ಕಮಟ್ಟಿಗೆ ಹಿಗ್ಗುತ್ತದೆ. ಹೆಣಿಗೆಯ ಕಣ್ಣುಗಳೇ ಕಾಣದಷ್ಟು ಗಟ್ಟಿಯಾಗಿದ್ದರೆ ಯಾವ ಉಪಾಯಕ್ಕೂ ಅದು ಹಿಂದಿರುಗುವುದಿಲ್ಲ. ಅಂಥದ್ದನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲವಾದ್ದರಿಂದ ತೋಳಿನಿಂದ ನೀರಿನ ಬಾಟಲಿಗೆ ಗವಸು, ಬೆನ್ನಿನ ಭಾಗದಿಂದ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಮಾಡಿಕೊಳ್ಳಬಹುದು.